ಅಂಗಳಕ್ಕೆ ಎಷ್ಟು ಪೇವರ್ ಬ್ಲಾಕ್ ಬೇಕು? ಅಂದಾಜು ಪಟ್ಟಿಯನ್ನು ಸದಸ್ಯರೇ ಪರಿಶೀಲಿಸುವ ಕ್ರಮ

(ಗ್ರಾಮ ಪಂಚಾಯತಿ ಸದಸ್ಯರಿಗಾಗಿ ಅಧ್ಯಯನ ಪಾಠ)



ಪಂಚಾಯತಿ ಕಚೇರಿಯ ಮುಂಭಾಗ, ಅಂಗನವಾಡಿ ಕೇಂದ್ರದ ಅಂಗಳ, ಶಾಲೆಯ ಧ್ವಜಕಟ್ಟೆಯ ಸುತ್ತಲಿನ ಜಾಗ, ಸಮುದಾಯ ಭವನದ ಆವರಣ: ಇವುಗಳಿಗೆ ಪೇವರ್ ಬ್ಲಾಕ್ ಅಳವಡಿಸುವ ಕಾಮಗಾರಿಯು ನಮ್ಮ ಕ್ರಿಯಾ ಯೋಜನೆಗಳಲ್ಲಿ ಬಹುತೇಕ ಪ್ರತಿ ವರ್ಷವೂ ಇರುತ್ತದೆ. ಹೊಸಪೇಟೆ, ಸಂಡೂರು, ಕಂಪ್ಲಿ ಭಾಗಗಳ ಯಾವ ಊರಿಗೆ ಹೋದರೂ ಈ 'ಇಂಟರ್‌ಲಾಕ್' ಅಂಗಳಗಳು ಕಾಣಸಿಗುತ್ತವೆ. ಆದರೆ ಅಂದಾಜು ಪಟ್ಟಿ ಸಭೆಯ ಮುಂದೆ ಬಂದಾಗ, ಅದರಲ್ಲಿರುವ ವಿಸ್ತೀರ್ಣವನ್ನಾಗಲಿ ಬ್ಲಾಕುಗಳ ಸಂಖ್ಯೆಯನ್ನಾಗಲಿ ಪರಿಶೀಲಿಸುವ ಸದಸ್ಯರು ವಿರಳ. "ಅದು ಅಭಿಯಂತರರ ಲೆಕ್ಕ, ನಮಗೆ ತಿಳಿಯದು" ಎಂಬ ಸಂಕೋಚವೇ ಇದಕ್ಕೆ ಕಾರಣ.

ಈ ಸಂಕೋಚಕ್ಕೆ ಆಧಾರವಿಲ್ಲ. ಉದ್ದ, ಅಗಲ, ಗುಣಾಕಾರ, ಭಾಗಾಕಾರ ತಿಳಿದವರು ಯಾರೇ ಆಗಲಿ ಅರ್ಧ ಗಂಟೆಯಲ್ಲಿ ಈ ಲೆಕ್ಕ ಮಾಡಬಹುದು. ಬೇಕಾದ ಸಾಧನಗಳು ಒಂದು ಟೇಪು, ಒಂದು ಹಾಳೆ ಮತ್ತು ಮೊಬೈಲ್ ಫೋನಿನಲ್ಲಿರುವ ಕ್ಯಾಲ್ಕುಲೇಟರ್ ಮಾತ್ರ. ಈ ಪಾಠವನ್ನು ಓದಿ ಮುಗಿಸುವ ವೇಳೆಗೆ ತಾವು ಎರಡು ಸಂಖ್ಯೆಗಳನ್ನು ಸ್ವತಂತ್ರವಾಗಿ ಹೇಳಲು ಶಕ್ತರಾಗಬೇಕೆಂಬುದು ಇದರ ಉದ್ದೇಶ: ಅಂಗಳಕ್ಕೆ ತರಿಸಬೇಕಾದ ಬ್ಲಾಕುಗಳು ಎಷ್ಟು, ಮತ್ತು ಬಿಲ್ಲು ಪಾವತಿಸಬೇಕಾದ ವಿಸ್ತೀರ್ಣ ಎಷ್ಟು. ಇವೆರಡೂ ಬೇರೆ ಬೇರೆ ಎಂಬುದನ್ನು ಆರಂಭದಲ್ಲಿಯೇ ನೆನಪಿನಲ್ಲಿಡಬೇಕು.

ಕಲ್ಲು ಹಾಸುವ ಮೊದಲೇ ಲೆಕ್ಕ ಹಾಕುವ ಪದ್ಧತಿ ನಮ್ಮ ನೆಲಕ್ಕೆ ಹೊಸದಲ್ಲ. ಹಂಪಿಯ ಅರಮನೆ ಆವರಣದ ಉತ್ಖನನದಲ್ಲಿ ದೊರೆತ ಮೆಟ್ಟಿಲುಗಳ ಪುಷ್ಕರಣಿಯನ್ನು ತಾವೆಲ್ಲರೂ ನೋಡಿರುತ್ತೀರಿ. ಅದರ ಕಪ್ಪು ಕಲ್ಲುಗಳ ಮೇಲೆ, ಅವು ಯಾವ ದಿಕ್ಕಿಗೆ, ಯಾವ ಸಾಲಿಗೆ, ಯಾವ ಸ್ಥಾನಕ್ಕೆ ಸೇರಿದವು ಎಂಬುದನ್ನು ಸೂಚಿಸುವ ಗುರುತುಗಳಿವೆ. ಕಲ್ಲುಗಳನ್ನು ಬೇರೆಡೆ ಕಡೆದು, ಎಣಿಸಿ, ಗುರುತು ಹಾಕಿ, ನಂತರ ತಂದು ಜೋಡಿಸಿದ್ದಾರೆ. ನಾವು ಮಾಡಬೇಕಾದ ಲೆಕ್ಕ ಅದಕ್ಕಿಂತ ಬಹಳ ಸರಳ.

1. ಲೆಕ್ಕ ತಪ್ಪಿದರೆ ಆಗುವುದೇನು?

ಸೇವೆಯ ಆರಂಭದ ದಿನಗಳಲ್ಲಿ ನನ್ನಿಂದಲೇ ಆದ ಒಂದು ತಪ್ಪನ್ನು ಇಲ್ಲಿ ಹೇಳುವುದು ಉಪಯುಕ್ತ. ಸುಮಾರು 90 ಚದರ ಮೀಟರ್ ಅಂಗಳಕ್ಕೆ ಬ್ಲಾಕುಗಳ ಬೇಡಿಕೆ ಸಿದ್ಧಪಡಿಸುವಾಗ, ಅಂಕುಡೊಂಕು ಅಂಚಿನ ಬ್ಲಾಕಿಗೆ ಅನ್ವಯಿಸುವ ಸಂಖ್ಯೆಯನ್ನು, ಅಂದರೆ ಚದರ ಮೀಟರಿಗೆ 39.5 ಎಂಬುದನ್ನು ನೆನಪಿನಿಂದ ಬರೆದೆನು. ಸ್ಥಳಕ್ಕೆ ಬಂದದ್ದು ಆಯತಾಕಾರದ ಚಿಕ್ಕ ಬ್ಲಾಕು. ಅದು ಚದರ ಮೀಟರಿಗೆ ಸುಮಾರು 48 ಬೇಕು. ಪರಿಣಾಮವಾಗಿ ಏಳುನೂರಕ್ಕೂ ಹೆಚ್ಚು ಬ್ಲಾಕುಗಳು ಕಡಿಮೆ ಬಿದ್ದವು. ಗೇಟಿನ ಬಳಿ ಹದಿನೈದು ಚದರ ಮೀಟರಿಗೂ ಹೆಚ್ಚಿನ ಜಾಗ ಮಳೆಗಾಲ ಕಳೆಯುವವರೆಗೆ ಕೆಸರಾಗಿ ಉಳಿಯಿತು. ಎರಡನೆಯ ಸಲ ಬಂದ ಬ್ಲಾಕುಗಳು ಬೇರೆ ಅಚ್ಚಿನವು. ದಪ್ಪದಲ್ಲಿ ಸ್ವಲ್ಪ ಹೆಚ್ಚು. ಹಳೆಯ ಮತ್ತು ಹೊಸ ಹಾಸು ಕೂಡುವಲ್ಲಿ ಸಣ್ಣ ಮೆಟ್ಟಿಲಿನಂತಹ ಅಂಚು ಉಳಿಯಿತು. ಪಿಂಚಣಿಯ ವಿಚಾರಕ್ಕೆ ಬಂದಿದ್ದ ಅಜ್ಜಿಯೊಬ್ಬರು ಅದಕ್ಕೇ ಎಡವಿ ಬಿದ್ದರು. ಗಾಯ ಸಣ್ಣದಾಗಿತ್ತು. ಆದರೆ ಎಂಜಿನಿಯರಿಂಗ್ ಪದವಿ ಪಡೆದ ನಾನು ಮಾಡಿದ ಆ ತಪ್ಪನ್ನು, ಒಂದು ಬ್ಲಾಕನ್ನು ಕೈಯಲ್ಲಿ ಹಿಡಿದು ಅಳೆದಿದ್ದರೆ ಯಾರು ಬೇಕಾದರೂ ತಡೆಯಬಹುದಾಗಿತ್ತು.

ಕಡಿಮೆಯಾದರೆ ಜನರಿಗೆ ತೊಂದರೆ. ಹೆಚ್ಚಾದರೆ ಪಂಚಾಯತಿಯ ಹಣಕ್ಕೆ ನಷ್ಟ. ಎರಡೂ ಆಗದಂತೆ ಲೆಕ್ಕ ಹಾಕುವ ಕ್ರಮವನ್ನು ಮುಂದೆ ವಿವರಿಸಿದೆ.

2. ಮೊದಲ ಹೆಜ್ಜೆ: ಅಂಗಳದ ಅಳತೆ

(ಅ) ಅಳತೆಯನ್ನು ಮೀಟರಿನಲ್ಲಿಯೇ ತೆಗೆದುಕೊಳ್ಳಿ. ಅಡಿಯಲ್ಲಿ ಅಳೆಯುವುದಾದರೆ ಅಂಗುಲಗಳನ್ನು 12ರಿಂದ ಭಾಗಿಸಿ ದಶಮಾಂಶಕ್ಕೆ ತರಬೇಕು. ಹನ್ನೆರಡು ಅಡಿ ಆರು ಅಂಗುಲ ಎಂದರೆ 12.5 ಅಡಿ, 12.6 ಅಲ್ಲ. ಹನ್ನೆರಡು ಅಡಿ ಹನ್ನೊಂದು ಅಂಗುಲ ಎಂದರೆ 12.92 ಅಡಿ, 12.11 ಅಲ್ಲ. ಒಂದು ಚದರ ಮೀಟರ್ ಎಂದರೆ 10.764 ಚದರ ಅಡಿ.

(ಆ) ಅಂಚುಗಲ್ಲುಗಳ ಒಳಮೈಯಿಂದ ಒಳಮೈಗೆ ಅಳೆಯಿರಿ. ಅಂಚುಗಲ್ಲು ಪ್ರತ್ಯೇಕ ಬಾಬ್ತು. ಅದನ್ನು ಉದ್ದದ ಲೆಕ್ಕದಲ್ಲಿ, ಅಂದರೆ ಮೀಟರಿನಲ್ಲಿ ಅಳೆಯಲಾಗುತ್ತದೆ. ಹೊರ ಅಳತೆ ಹಿಡಿದರೆ ಅಂಚುಗಲ್ಲು ನಿಂತ ಜಾಗಕ್ಕೂ ಬ್ಲಾಕಿನ ದರ ಕೊಟ್ಟಂತಾಗುತ್ತದೆ.

(ಇ) ಅಂಗಳದ ಮೂಲೆಗಳು ಲಂಬಕೋನದಲ್ಲಿವೆಯೇ ಎಂದು ನೋಡಿ. ಮೂಲೆಯಿಂದ ಒಂದು ಬದಿಯಲ್ಲಿ 3 ಮೀಟರಿಗೆ, ಇನ್ನೊಂದು ಬದಿಯಲ್ಲಿ 4 ಮೀಟರಿಗೆ ಗುರುತು ಹಾಕಿ. ಆ ಎರಡು ಗುರುತುಗಳ ನಡುವೆ ಸರಿಯಾಗಿ 5 ಮೀಟರ್ ಇದ್ದರೆ ಮೂಲೆ ಮಟ್ಟಸವಾಗಿದೆ. ಗೋಡೆ ಕಟ್ಟುವ ಮೇಸ್ತ್ರಿಗಳು ದಿನನಿತ್ಯ ಬಳಸುವ ಉಪಾಯವಿದು.

(ಈ) ಮೂಲೆಗಳು ಮಟ್ಟಸವಾಗಿಲ್ಲದಿದ್ದರೆ, ಎದುರುಬದುರು ಬದಿಗಳ ಸರಾಸರಿ ತೆಗೆದು ಗುಣಿಸುವ ರೂಢಿ ನಮ್ಮಲ್ಲಿದೆ. ಈ ಕ್ರಮದಲ್ಲಿ ಬರುವ ವಿಸ್ತೀರ್ಣವು ನಿಜವಾದ ವಿಸ್ತೀರ್ಣಕ್ಕಿಂತ ಯಾವಾಗಲೂ ಹೆಚ್ಚು. ಎಂದಿಗೂ ಕಡಿಮೆ ಬರುವುದಿಲ್ಲ. ಆಯತವಾದಾಗ ಮಾತ್ರ ಎರಡೂ ಸಮ. ಆದುದರಿಂದ ಈ ತಪ್ಪಿನ ಹೊರೆ ಪ್ರತಿ ಸಲವೂ ಪಂಚಾಯತಿಯ ಮೇಲೆಯೇ ಬೀಳುತ್ತದೆ.

ಉದಾಹರಣೆಗೆ, ಒಂದು ಓರೆ ಅಂಗಳದ ನಾಲ್ಕು ಬದಿಗಳು ಅನುಕ್ರಮವಾಗಿ 10.82, 9.22, 11.18 ಮತ್ತು 7.81 ಮೀಟರ್ ಇವೆಯೆನ್ನೋಣ. ರೂಢಿಯ ಲೆಕ್ಕದಂತೆ ಮೊದಲ ಜೋಡಿಯ ಸರಾಸರಿ 11.00, ಎರಡನೆಯ ಜೋಡಿಯ ಸರಾಸರಿ 8.515, ಗುಣಲಬ್ಧ 93.67 ಚದರ ಮೀಟರ್.

ಸರಿಯಾದ ಕ್ರಮ ಹೀಗಿದೆ: ಒಂದು ಮೂಲೆಯಿಂದ ಎದುರು ಮೂಲೆಗೆ ಹಗ್ಗ ಕಟ್ಟಿ. ಇದು ಕರ್ಣ. ಉಳಿದ ಎರಡು ಮೂಲೆಗಳಿಂದ ಈ ಹಗ್ಗಕ್ಕೆ ಲಂಬವಾಗಿ ಇರುವ ದೂರವನ್ನು ಅಳೆಯಿರಿ. ಇದೇ ಅಂಗಳದಲ್ಲಿ ಕರ್ಣ 16.00 ಮೀಟರ್, ಲಂಬ ದೂರಗಳು 6.00 ಮತ್ತು 5.00 ಮೀಟರ್.

ವಿಸ್ತೀರ್ಣ = ½ × 16.00 × (6.00 + 5.00) = 88.00 ಚದರ ಮೀಟರ್.

ವ್ಯತ್ಯಾಸ 5.67 ಚದರ ಮೀಟರ್. ಟೇಪಿನಲ್ಲಿ ತಪ್ಪಿಲ್ಲ, ಹಿಡಿದವರಲ್ಲಿಯೂ ತಪ್ಪಿಲ್ಲ. ಲೆಕ್ಕದ ಕ್ರಮದಿಂದಲೇ ಸುಮಾರು 270 ಬ್ಲಾಕುಗಳ ಜಾಗ ಕಾಗದದ ಮೇಲೆ ಹೆಚ್ಚಾಯಿತು.

(ಉ) ಸಂಡೂರಿನ ಗುಡ್ಡದ ಊರುಗಳಲ್ಲಿರುವಂತೆ ಅಂಗಳವು ಇಳಿಜಾರಾಗಿದ್ದರೆ ಟೇಪನ್ನು ಇಳಿಜಾರಿನ ಮೇಲೆಯೇ ಹಾಸಿ ಅಳೆಯಬೇಕು. ಬ್ಲಾಕು ಕೂರುವುದು ಆ ಮೇಲ್ಮೈಯ ಮೇಲೆ. ಆದರೆ ಈ ನೆಪದಲ್ಲಿ ಹೆಚ್ಚು ಸೇರಿಸಲು ಅವಕಾಶವಿಲ್ಲ. ಎಂಟು ಮೀಟರಿಗೆ ಒಂದು ಮೀಟರ್ ಇಳಿಯುವ ಕಡಿದಾದ ಜಾಗದಲ್ಲಿಯೂ ವ್ಯತ್ಯಾಸವು ಶೇ. 1ಕ್ಕಿಂತ ಕಡಿಮೆ.

3. ಎರಡನೆಯ ಹೆಜ್ಜೆ: ಒಂದು ಚದರ ಮೀಟರಿಗೆ ಎಷ್ಟು ಬ್ಲಾಕು?

ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿರುವ ಆಯತಾಕಾರದ ಬ್ಲಾಕು 200 ಮಿ.ಮೀ. ಉದ್ದ, 100 ಮಿ.ಮೀ. ಅಗಲ ಇರುತ್ತದೆ. ಒಂದು ಬ್ಲಾಕಿನ ಮುಖ 0.20 × 0.10 = 0.02 ಚದರ ಮೀಟರ್. 1ನ್ನು 0.02ರಿಂದ ಭಾಗಿಸಿದರೆ 50. ಮಾರಾಟಗಾರರು ಹೇಳುವ 'ಮೀಟರಿಗೆ ಐವತ್ತು' ಎಂಬ ಲೆಕ್ಕ ಬಂದದ್ದು ಹೀಗೆ.

ಆದರೆ ಬ್ಲಾಕುಗಳು ಒಂದಕ್ಕೊಂದು ಅಂಟಿಕೊಂಡು ಕೂರುವುದಿಲ್ಲ. ನಡುವೆ 2ರಿಂದ 4 ಮಿ.ಮೀ. ಸಂದು ಬಿಟ್ಟು, ಅದರೊಳಗೆ ನಯವಾದ ಮರಳು ತುಂಬಬೇಕು. ಸಂದು ಇಲ್ಲದಿದ್ದರೆ ಬ್ಲಾಕುಗಳ ಅಂಚು ಒಂದಕ್ಕೊಂದು ತಾಗಿ ಒಡೆಯುತ್ತವೆ. ಮರಳು ಇಲ್ಲದಿದ್ದರೆ ಹಾಸು ಅಲುಗಾಡುತ್ತದೆ. 3 ಮಿ.ಮೀ. ಸಂದು ಹಿಡಿದರೆ ಒಂದು ಬ್ಲಾಕು ಆಕ್ರಮಿಸುವ ಜಾಗ 0.203 × 0.103 = 0.0209 ಚದರ ಮೀಟರ್. ಆಗ ಚದರ ಮೀಟರಿಗೆ ಬೇಕಾಗುವುದು 47.83 ಬ್ಲಾಕು.

ಕೆಲವು ತಯಾರಕರು ಸಂದನ್ನೂ ಸೇರಿಸಿಕೊಂಡು 200 × 100 ಎನ್ನುತ್ತಾರೆ. ಅಂತಹ ಬ್ಲಾಕು ವಾಸ್ತವದಲ್ಲಿ ಎರಡು ಮೂರು ಮಿ.ಮೀ. ಚಿಕ್ಕದಿರುತ್ತದೆ. ಆಗ 50 ಎಂಬುದೇ ಸರಿ. ಆದ್ದರಿಂದ ಪಟ್ಟಿಯಲ್ಲಿ ಬರೆದ ಅಳತೆಯನ್ನು ನಂಬದೆ ಹೀಗೆ ಪರೀಕ್ಷಿಸಿ:

ಸಮನಾದ ನೆಲದ ಮೇಲೆ, ಹಾಸುವ ರೀತಿಯಲ್ಲಿಯೇ ಸಂದು ಬಿಟ್ಟು, ಹನ್ನೊಂದು ಬ್ಲಾಕುಗಳನ್ನು ಉದ್ದುದ್ದ ಸಾಲಾಗಿ ಜೋಡಿಸಿ. ಮೊದಲ ಬ್ಲಾಕಿನ ಎಡ ಅಂಚಿನಿಂದ ಹನ್ನೊಂದನೆಯ ಬ್ಲಾಕಿನ ಎಡ ಅಂಚಿನವರೆಗೆ ಅಳೆದು 10ರಿಂದ ಭಾಗಿಸಿ. ಅನಂತರ ಅಗಲದ ದಿಕ್ಕಿನಲ್ಲಿಯೂ ಹಾಗೆಯೇ ಮಾಡಿ. ಈ ಎರಡು ಸಂಖ್ಯೆಗಳ ಗುಣಲಬ್ಧವೇ ಒಂದು ಬ್ಲಾಕು ಆಕ್ರಮಿಸುವ ಜಾಗ. ಹತ್ತು ಬ್ಲಾಕುಗಳನ್ನು ಒಟ್ಟಿಗೆ ಅಳೆಯುವುದರಿಂದ ಒಂದೆರಡು ಮಿ.ಮೀ. ಏರುಪೇರು ಸರಿಹೋಗುತ್ತದೆ.

ಅಂಕುಡೊಂಕು ಅಂಚಿನ, ಅಂದರೆ ಜಿಗ್‌ಜಾಗ್ ಬ್ಲಾಕಿಗೆ ಈ ಪರೀಕ್ಷೆ ಇನ್ನೂ ಮುಖ್ಯ. ಅದರ ಹಲ್ಲುಗಳು ಪಕ್ಕದ ಬ್ಲಾಕಿನ ಕಚ್ಚಿನೊಳಗೆ ಸೇರಿಕೊಳ್ಳುವುದರಿಂದ, ತುದಿಯಿಂದ ತುದಿಗೆ ಅಳೆದು ಗುಣಿಸಿದರೆ ಉತ್ತರ ತಪ್ಪುತ್ತದೆ. ಮೇಲೆ ಹೇಳಿದಂತೆ ಒಂದು ಬ್ಲಾಕಿನ ಅಂಚಿನಿಂದ ಹನ್ನೊಂದನೆಯದರ ಅದೇ ಅಂಚಿಗೆ ಅಳೆದಾಗ ಉದ್ದದಲ್ಲಿ 2.25 ಮೀಟರ್, ಅಗಲದಲ್ಲಿ 1.125 ಮೀಟರ್ ಬಂದಿತೆನ್ನೋಣ. ನೂರು ಬ್ಲಾಕುಗಳಿಗೆ 2.53 ಚದರ ಮೀಟರ್. ಅಂದರೆ ಚದರ ಮೀಟರಿಗೆ 39.5 ಬ್ಲಾಕು. ಅಚ್ಚು ಬದಲಾದರೆ ಈ ಸಂಖ್ಯೆಯೂ ಬದಲಾಗುತ್ತದೆ. ಒಂದು ಊರಿನ ಲೆಕ್ಕವನ್ನು ಇನ್ನೊಂದು ಊರಿಗೆ ನಕಲು ಮಾಡಬಾರದು ಎನ್ನುವುದು ಇದೇ ಕಾರಣಕ್ಕೆ.

4. ಮಾದರಿ ಲೆಕ್ಕ: ಒಂದು ಪಂಚಾಯತಿ ಕಚೇರಿಯ ಅಂಗಳ

ಕಚೇರಿಯ ಮುಂದೆ 14.60 ಮೀ. ಉದ್ದ, 9.20 ಮೀ. ಅಗಲದ ಆಯತಾಕಾರದ ಅಂಗಳವಿದೆ. ಗೇಟಿನಿಂದ ಅಂಗಳಕ್ಕೆ ಬರುವ ದಾರಿಯು ಗೇಟಿನ ಬಳಿ 3.00 ಮೀ., ಅಂಗಳದ ಬಳಿ 4.20 ಮೀ. ಅಗಲ, ಉದ್ದ 2.50 ಮೀ. ಅಂಗಳದೊಳಗೆ ಧ್ವಜಕಟ್ಟೆ, ಬೇವಿನ ಮರದ ದುಂಡು ಕಟ್ಟೆ, ನೀರಿನ ಸಂಪಿನ ಮುಚ್ಚಳ ಮತ್ತು ವಿಕಲಚೇತನರಿಗಾಗಿ ನಿರ್ಮಿಸಿದ ಕಾಂಕ್ರೀಟ್ ಇಳಿಜಾರು ಇವೆ.

ಕೂಡಿಸಬೇಕಾದವು:
ಅಂಗಳ: 14.60 × 9.20 = 134.32 ಚ.ಮೀ.
ಗೇಟಿನ ದಾರಿ: (3.00 + 4.20) ÷ 2 × 2.50 = 9.00 ಚ.ಮೀ.
ಒಟ್ಟು: 143.32 ಚ.ಮೀ.

ಕಳೆಯಬೇಕಾದವು:
ಧ್ವಜಕಟ್ಟೆ: 1.80 × 1.80 = 3.24 ಚ.ಮೀ.
ಮರದ ಕಟ್ಟೆ (ವ್ಯಾಸ 2.40, ತ್ರಿಜ್ಯ 1.20): 3.14 × 1.20 × 1.20 = 4.52 ಚ.ಮೀ.
ಸಂಪಿನ ಮುಚ್ಚಳ: 1.20 × 0.90 = 1.08 ಚ.ಮೀ.
ಇಳಿಜಾರು: 3.60 × 1.20 = 4.32 ಚ.ಮೀ.
ಒಟ್ಟು: 13.16 ಚ.ಮೀ.

ನಿವ್ವಳ ವಿಸ್ತೀರ್ಣ: 143.32 – 13.16 = 130.16 ಚ.ಮೀ. (ಸುಮಾರು 1,401 ಚದರ ಅಡಿ)

ಗೇಟಿನ ದಾರಿಯಂತೆ ಎರಡು ಸಮಾನಾಂತರ ಬದಿಗಳು ಬೇರೆ ಬೇರೆ ಉದ್ದವಿರುವ ಆಕೃತಿಗೆ ಅವೆರಡರ ಸರಾಸರಿಯನ್ನು ನಡುವಿನ ಲಂಬ ದೂರದಿಂದ ಗುಣಿಸುವುದು ಸರಿಯಾದ ಕ್ರಮ. ಹಿಂದೆ ತಪ್ಪೆಂದು ಹೇಳಿದ್ದು ಎರಡೂ ಜೋಡಿಗಳ ಸರಾಸರಿಯನ್ನು ಗುಣಿಸುವ ರೂಢಿಯನ್ನು ಮಾತ್ರ.

ಬೇಕಾದ ಬ್ಲಾಕುಗಳು: 130.16 × 47.83 = 6,226 (ಭಿನ್ನರಾಶಿ ಬಂದರೆ ಮುಂದಿನ ಪೂರ್ಣ ಸಂಖ್ಯೆಗೆ ಏರಿಸಬೇಕು).

5. ಮೂರನೆಯ ಹೆಜ್ಜೆ: ಒಡಕು ಮತ್ತು ಕತ್ತರಿಕೆಗೆ ಎಷ್ಟು ಸೇರಿಸಬೇಕು?

ಸಾಗಣೆಯಲ್ಲಿ ಕೆಲವು ಬ್ಲಾಕುಗಳು ಒಡೆಯುತ್ತವೆ. ಗೋಡೆಯ ಅಂಚಿಗೆ, ಕಟ್ಟೆಯ ಸುತ್ತಲಿಗೆ ಕತ್ತರಿಸಬೇಕಾಗುತ್ತದೆ. ಇದಕ್ಕಾಗಿ ಅನುಭವದಿಂದ ಬಂದ ಪ್ರಮಾಣಗಳು ಹೀಗಿವೆ: ಅಡೆತಡೆಯಿಲ್ಲದ ಆಯತಾಕಾರದ ಅಂಗಳಕ್ಕೆ ನೇರ ಸಾಲಿನಲ್ಲಿ ಹಾಸುವುದಾದರೆ ಶೇ. 3, ಕಟ್ಟೆ, ಸಂಪು, ಮೂಲೆಗಳಿರುವ ಸಾಧಾರಣ ಅಂಗಳಕ್ಕೆ ಶೇ. 5, 45 ಡಿಗ್ರಿ ಓರೆಯಾಗಿ ಹಾಸುವ ವಿನ್ಯಾಸಕ್ಕೆ ಅಥವಾ ಅಂಚುಗಳೆಲ್ಲ ಬಾಗಿರುವ ಜಾಗಕ್ಕೆ ಶೇ. 10ರವರೆಗೆ. ಇದಕ್ಕಿಂತ ಹೆಚ್ಚು ಕೇಳಿದರೆ ಕಾರಣ ಕೇಳಬೇಕು.

ನಮ್ಮ ಮಾದರಿ ಅಂಗಳಕ್ಕೆ ಶೇ. 5 ಸಾಕು. 6,226ಕ್ಕೆ ಶೇ. 5 ಎಂದರೆ 312. ತರಿಸಬೇಕಾದ ಒಟ್ಟು ಬ್ಲಾಕುಗಳು 6,538.

ಈಗ ಇದೇ ಅಂಗಳಕ್ಕೆ ಅಜಾಗರೂಕತೆಯ ಲೆಕ್ಕವೊಂದನ್ನು ನೋಡೋಣ. ಕಟ್ಟೆ, ಸಂಪು, ಇಳಿಜಾರುಗಳನ್ನು ಕಳೆಯಲಿಲ್ಲ, ಬ್ಲಾಕನ್ನು ಅಳೆಯದೆ ಮೀಟರಿಗೆ 50 ಹಿಡಿದರು, ಒಡಕಿಗೆ ಶೇ. 10 ಸೇರಿಸಿದರು. 143.32 × 50 = 7,166; ಶೇ. 10 ಸೇರಿ 7,883. ಸರಿಯಾದ ಲೆಕ್ಕಕ್ಕಿಂತ 1,345 ಬ್ಲಾಕುಗಳು ಹೆಚ್ಚು. ಮೂರೂ ತಪ್ಪುಗಳು ಬಿಡಿಯಾಗಿ ನೋಡಿದರೆ ಸಣ್ಣವು. ಯಾವುದರಲ್ಲಿಯೂ ದುರುದ್ದೇಶ ಇರಬೇಕಾಗಿಲ್ಲ. ಆದರೆ ಕೂಡಿದಾಗ 28 ಚದರ ಮೀಟರ್ ಹಾಸುವಷ್ಟು ಬ್ಲಾಕುಗಳಾದವು. ಅದು ಒಂದು ಅಂಗನವಾಡಿಯ ಮುಂದೆ ಮಕ್ಕಳು ಕೆಸರಿಲ್ಲದೆ ಆಡುವಷ್ಟು ಜಾಗ.

6. ತರಿಸುವ ಲೆಕ್ಕ ಬೇರೆ, ಬಿಲ್ಲಿನ ಲೆಕ್ಕ ಬೇರೆ

ಈ ಪಾಠದ ಮುಖ್ಯ ಅಂಶ ಇದು. ದಯಮಾಡಿ ಎರಡು ಸಲ ಓದಿ.

ಗುತ್ತಿಗೆಯ ಮೂಲಕ ನಡೆಯುವ ಕಾಮಗಾರಿಯಲ್ಲಿ ಪೇವರ್ ಹಾಸಿನ ಬಾಬ್ತನ್ನು ಸಾಮಾನ್ಯವಾಗಿ ಚದರ ಮೀಟರಿನಲ್ಲಿ ಲೆಕ್ಕ ಹಾಕಲಾಗುತ್ತದೆ. ದರಪಟ್ಟಿಯಲ್ಲಿರುವ ಬಾಬ್ತಿನ ವಿವರಣೆಯನ್ನು ಪೂರ್ತಿಯಾಗಿ ಓದಿದರೆ, ಆ ದರದಲ್ಲಿ ಬ್ಲಾಕು, ಸಾಗಣೆ, ಮರಳು, ಕೂಲಿ ಮೊದಲಾಗಿ ಯಾವುವು ಸೇರಿವೆ ಎಂಬುದು ತಿಳಿಯುತ್ತದೆ. ಹೀಗೆ ಎಲ್ಲವೂ ಸೇರಿದ ದರವಾಗಿದ್ದರೆ ಒಡಕು ಮತ್ತು ಕತ್ತರಿಕೆಯ ನಷ್ಟವೂ ಅದರೊಳಗೆಯೇ ಬಂತು. ಆಗ ವಿಸ್ತೀರ್ಣಕ್ಕೆ ಮತ್ತೆ ಶೇ. 5 ಸೇರಿಸುವುದು ಒಂದೇ ವಸ್ತುವಿಗೆ ಎರಡು ಸಲ ಹಣ ಕೊಟ್ಟಂತೆ.

ಅಂದರೆ ನಮ್ಮ ಮಾದರಿಯಲ್ಲಿ ಗುತ್ತಿಗೆದಾರರು 6,538 ಬ್ಲಾಕು ತಂದರೂ, 6,700 ತಂದರೂ ಅಳತೆ ಪುಸ್ತಕದಲ್ಲಿ ದಾಖಲಾಗಬೇಕಾದ ಪ್ರಮಾಣ 130.16 ಚದರ ಮೀಟರ್ ಮಾತ್ರ. 143.32 ಅಲ್ಲ, 130.16ಕ್ಕೆ ಶೇ. 5 ಸೇರಿಸಿದ 136.67 ಕೂಡ ಅಲ್ಲ.

ಪಂಚಾಯತಿಯೇ ಬ್ಲಾಕುಗಳನ್ನು ಬಿಡಿಯಾಗಿ ಖರೀದಿಸಿ, ಕೂಲಿಯನ್ನು ಪ್ರತ್ಯೇಕವಾಗಿ ಕೊಡುವ ಸಂದರ್ಭದಲ್ಲಿ ಮಾತ್ರ 6,538 ಎಂಬ ಸಂಖ್ಯೆಗೆ ಹಣ ಪಾವತಿಯಾಗುತ್ತದೆ. ಆಗ ಉಳಿದ ಬ್ಲಾಕುಗಳು ಪಂಚಾಯತಿಯ ಆಸ್ತಿ. ಅವನ್ನು ಎಣಿಸಿ ದಾಸ್ತಾನು ವಹಿಯಲ್ಲಿ ಬರೆದು ಕಚೇರಿಯ ಹಿಂದೆ ಜೋಡಿಸಿಡಬೇಕು. ಮುಂದೆ ಪೈಪ್‌ಲೈನಿಗಾಗಿ ಅಂಗಳ ಅಗೆದಾಗ ಅದೇ ಅಚ್ಚಿನ, ಅದೇ ದಪ್ಪದ ಐವತ್ತು ನೂರು ಬ್ಲಾಕುಗಳು ಕೈಗೆ ಸಿಗುವುದು ದೊಡ್ಡ ಅನುಕೂಲ.

7. ದಪ್ಪ, ದರ್ಜೆ ಮತ್ತು ನಮ್ಮ ಮಣ್ಣು

ಸಂಖ್ಯೆ ಸರಿಯಿದ್ದು ಬ್ಲಾಕು ತೆಳ್ಳಗಿದ್ದರೆ ಪ್ರಯೋಜನವಿಲ್ಲ. ಪೇವರ್ ಬ್ಲಾಕಿನ ಭಾರತೀಯ ಮಾನಕ ಐಎಸ್ 15658. ಅದರ 2006ರ ಆವೃತ್ತಿಯ ವರ್ಗೀಕರಣದಂತೆ ವಾಹನ ಸಂಚಾರವಿಲ್ಲದ ಜಾಗಕ್ಕೆ 50 ಮಿ.ಮೀ. ದಪ್ಪ, ಎಂ-30 ದರ್ಜೆ. ಹಗುರ ಸಂಚಾರಕ್ಕೆ 60 ಮಿ.ಮೀ., ಎಂ-35, ಮಧ್ಯಮ ಸಂಚಾರಕ್ಕೆ ಎಂ-40, ಭಾರಿ ಸಂಚಾರಕ್ಕೆ ಎಂ-50 ದರ್ಜೆ. ಅಂಗನವಾಡಿಯ ಅಂಗಳಕ್ಕೆ 80 ಮಿ.ಮೀ. ಬ್ಲಾಕು ದುಂದು. ಆದರೆ ಸಂಡೂರು ಭಾಗದಲ್ಲಿ ಅದಿರು ಲಾರಿಗಳು ತಿರುಗುವ ಅಥವಾ ನಿಲ್ಲುವ ಜಾಗಕ್ಕೆ 60 ಮಿ.ಮೀ. ಹಾಕಿದರೆ ಹಾಸು ಬೇಗನೆ ಕುಸಿಯುತ್ತದೆ. ಅಂಗಳಕ್ಕೆ ಯಾವ ವಾಹನ ಬರುತ್ತದೆ ಎಂಬುದನ್ನು ಊರಿನಲ್ಲಿರುವ ತಾವು ಅಭಿಯಂತರರಿಗಿಂತ ಚೆನ್ನಾಗಿ ಬಲ್ಲಿರಿ. ಅದನ್ನು ಅಂದಾಜು ತಯಾರಾಗುವ ಮೊದಲೇ ತಿಳಿಸಬೇಕು.

ಕಂಪ್ಲಿ ಸುತ್ತಲಿನ ನದಿ ಬಯಲಿನಲ್ಲಿ ಎರೆಮಣ್ಣು ಹೆಚ್ಚು. ಅದು ನೀರು ಕುಡಿದಾಗ ಉಬ್ಬಿ, ಬೇಸಿಗೆಯಲ್ಲಿ ಬಿರಿಯುತ್ತದೆ. ಎರೆಮಣ್ಣಿನ ಮೇಲೆ ನೇರವಾಗಿ ಮರಳು ಹರಡಿ ಬ್ಲಾಕು ಕೂರಿಸಿದರೆ ಒಂದೆರಡು ಮಳೆಗಾಲಗಳಲ್ಲಿ ಅಂಗಳ ಅಲೆಯಲೆಯಾಗುತ್ತದೆ. ಮೇಲಿನ ಎರೆಮಣ್ಣನ್ನು ತೆಗೆದು, ಗರಸು ಮತ್ತು ಜಲ್ಲಿಯ ತಳಪಾಯ ಹಾಕಿ, ನೀರು ಹಾಕಿ ದಮ್ಮಸು ಮಾಡುವ ಬಾಬ್ತು ಅಂದಾಜಿನಲ್ಲಿ ಇದೆಯೇ ಎಂದು ನೋಡಿ. ಕೆಂಪು ಗಟ್ಟಿ ನೆಲದ ಊರಿಗೆ ಅಷ್ಟೇ ಆಳದ ಅಗೆತ ಬರೆದಿದ್ದರೆ ಅದನ್ನೂ ಪ್ರಶ್ನಿಸಿ.

ಮರಳಿನ ಲೆಕ್ಕವೂ ಸುಲಭ. ಹಾಸಿನ ಕೆಳಗೆ 30 ಮಿ.ಮೀ. ಮರಳು ಎಂದರೆ 130.16 × 0.03 = 3.90 ಘನ ಮೀಟರ್. ದಮ್ಮಸಾದಾಗ ಕುಗ್ಗುವುದಕ್ಕೆ ಐದನೇ ಒಂದು ಭಾಗ ಸೇರಿಸಿದರೆ 4.68 ಘನ ಮೀಟರ್. ನೀರು ಕಟ್ಟಡದಿಂದ ಹೊರಗೆ ಹರಿಯುವಂತೆ ಪ್ರತಿ ಮೀಟರಿಗೆ 2 ಸೆಂ.ಮೀ. ಇಳಿಕೆ ಕೊಡಬೇಕು. 9.20 ಮೀಟರ್ ಅಗಲಕ್ಕೆ ಇದು ಸುಮಾರು 18 ಸೆಂ.ಮೀ. ಆಗುತ್ತದೆ. ಗೇಟಿನ ಹೊಸ್ತಿಲು ಅದಕ್ಕಿಂತ ಎತ್ತರವಿದ್ದರೆ ನೀರು ಒಳಗೇ ನಿಲ್ಲುತ್ತದೆ.

8. ಹಂಪಿ ಪರಿಸರದ ಪಂಚಾಯತಿಗಳಿಗೆ ವಿಶೇಷ ಸೂಚನೆ

ಹಂಪಿಯ ಸ್ಮಾರಕ ಸಮೂಹವು 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ. ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ. ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ಇದಲ್ಲದೆ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ವ್ಯಾಪ್ತಿಗೆ ಹಲವು ಹಳ್ಳಿಗಳು ಸೇರಿವೆ. ಈ ಪ್ರದೇಶಗಳಲ್ಲಿ ನೆಲ ಅಗೆಯುವ ಯಾವುದೇ ಕಾಮಗಾರಿಗೆ ಮೊದಲು ಸಂಬಂಧಪಟ್ಟ ಪ್ರಾಧಿಕಾರಗಳ ಲಿಖಿತ ಅಭಿಪ್ರಾಯ ಪಡೆದು, ಅನಂತರವೇ ಅಂದಾಜು ತಯಾರಿಸುವುದು ಸೂಕ್ತ.

ಇಲ್ಲಿ ಸಿಮೆಂಟ್ ಬ್ಲಾಕಿಗಿಂತ ಕಲ್ಲು ಚಪ್ಪಡಿ ಒಪ್ಪುತ್ತದೆ ಎಂಬ ಅಭಿಪ್ರಾಯ ಬಂದರೆ ಲೆಕ್ಕದ ಕ್ರಮ ಸ್ವಲ್ಪ ಬದಲಾಗುತ್ತದೆ. ಚಪ್ಪಡಿ ದೊಡ್ಡದಾದುದರಿಂದ ವಿಸ್ತೀರ್ಣದ ಬದಲು ಸಾಲುಗಳನ್ನು ಎಣಿಸಬೇಕು. 600 × 600 ಮಿ.ಮೀ. ಚಪ್ಪಡಿಗೆ 10 ಮಿ.ಮೀ. ಸಂದು ಹಿಡಿದರೆ ಒಂದಕ್ಕೆ 0.61 ಮೀಟರ್. 14.60 ಮೀಟರ್ ಉದ್ದಕ್ಕೆ 24 ಚಪ್ಪಡಿ; 9.20 ಮೀಟರ್ ಅಗಲಕ್ಕೆ 15 ಸಾಲು ಕೂತು 5 ಸೆಂ.ಮೀ. ಉಳಿಯುತ್ತದೆ. ಆ ಪಟ್ಟಿಗಾಗಿ ಚಪ್ಪಡಿಗಳನ್ನು ಸೀಳಿದರೆ ತೆಳುವಾದ ತುಂಡುಗಳು ಒಡೆಯುತ್ತವೆ. ಅಂಚಿನಲ್ಲಿ ಕಾಂಕ್ರೀಟ್ ಪಟ್ಟಿ ಕೊಡುವುದು ಅಥವಾ ಅಂಚುಗಲ್ಲನ್ನು 5 ಸೆಂ.ಮೀ. ಒಳಗೆ ತರುವುದು ಜಾಣತನ. ಹೀಗೆ ಅಡೆತಡೆಗಳನ್ನು ಕಳೆಯುವ ಮೊದಲು ಆಯತಕ್ಕೆ 24 × 15 = 360 ಚಪ್ಪಡಿಗಳು.

9. ಸರಕು ಬಂದಾಗ ಮತ್ತು ಕೆಲಸ ಮುಗಿದಾಗ

ಸರಕು ಇಳಿಸುವಾಗ ಬ್ಲಾಕುಗಳನ್ನು ರಾಶಿ ಸುರಿಯಲು ಬಿಡಬೇಡಿ. ಸುರಿದರೆ ಅಂಚು ಮುರಿಯುತ್ತದೆ, ಎಣಿಕೆಯೂ ಆಗುವುದಿಲ್ಲ. ಹತ್ತು ಉದ್ದ, ಹತ್ತು ಅಗಲ, ಹತ್ತು ಎತ್ತರಕ್ಕೆ ಜೋಡಿಸಿದರೆ ಒಂದು ಒಟ್ಟಿಲಿಗೆ ಸಾವಿರ. ನಮ್ಮ ಮಾದರಿಗೆ ಆರೂವರೆ ಒಟ್ಟಿಲು. ತೂಕದಿಂದಲೂ ತಾಳೆ ನೋಡಬಹುದು: 60 ಮಿ.ಮೀ. ದಪ್ಪದ ಆಯತಾಕಾರದ ಬ್ಲಾಕು ಸುಮಾರು 2.9 ಕಿ.ಗ್ರಾಂ.; ಸಾವಿರಕ್ಕೆ ಮೂರು ಟನ್ನಿಗೆ ಸ್ವಲ್ಪ ಕಡಿಮೆ. ಬ್ಲಾಕು ಗಮನಾರ್ಹವಾಗಿ ಹಗುರವಿದ್ದರೆ ದಪ್ಪವನ್ನೋ ಕಾಂಕ್ರೀಟಿನ ಸಾಂದ್ರತೆಯನ್ನೋ ಸಂಶಯಿಸಬೇಕು. ಪ್ರಯೋಗಾಲಯದ ವರದಿ ಕೇಳಬೇಕು.

ಕೆಲಸ ಮುಗಿದ ಮೇಲೆ ಹಾಸಿದ ಬ್ಲಾಕುಗಳೇ ಅಳತೆಯ ಕೋಲು. ಉದ್ದದ ಒಂದು ಸಾಲಿನಲ್ಲಿ ಎಷ್ಟು ಬ್ಲಾಕುಗಳಿವೆ ಎಂದು ಎಣಿಸಿ 0.203ರಿಂದ ಗುಣಿಸಿ. ಅಡ್ಡಲಾಗಿ ಎಷ್ಟು ಸಾಲುಗಳಿವೆ ಎಂದು ಎಣಿಸಿ 0.103ರಿಂದ ಗುಣಿಸಿ. ಮಾದರಿ ಅಂಗಳದಲ್ಲಿ ಸಾಲಿಗೆ ಸುಮಾರು 72 ಬ್ಲಾಕು, ಅಡ್ಡಲಾಗಿ ಸುಮಾರು 89 ಸಾಲು ಬರಬೇಕು. ಟೇಪು ಇಲ್ಲದೆ, ಯಾರ ಅನುಮತಿಯೂ ಬೇಕಿಲ್ಲದೆ, ನಡೆದಾಡುತ್ತಲೇ ಈ ಪರಿಶೀಲನೆ ಮಾಡಬಹುದು.

10. ಸಭೆಯಲ್ಲಿ ಕೇಳಬೇಕಾದ ಆರು ಪ್ರಶ್ನೆಗಳು

(1) ಅಳತೆಯ ರೇಖಾಚಿತ್ರ ಅಂದಾಜು ಪಟ್ಟಿಯೊಂದಿಗೆ ಇದೆಯೇ?
(2) ಕಟ್ಟೆ, ಸಂಪು, ಇಳಿಜಾರು, ಚೇಂಬರುಗಳನ್ನು ಕಳೆಯಲಾಗಿದೆಯೇ?
(3) ಓರೆ ಅಂಗಳಕ್ಕೆ ಕರ್ಣದ ಅಳತೆ ತೆಗೆಯಲಾಗಿದೆಯೇ?
(4) ಬ್ಲಾಕಿನ ಆಕಾರ, ಅಳತೆ, ದಪ್ಪ, ದರ್ಜೆಯನ್ನು ಸ್ಪಷ್ಟವಾಗಿ ಬರೆಯಲಾಗಿದೆಯೇ?
(5) ದರದಲ್ಲಿ ಯಾವುವು ಸೇರಿವೆ? ಒಡಕಿನ ಪ್ರಮಾಣವನ್ನು ವಿಸ್ತೀರ್ಣಕ್ಕೆ ಮತ್ತೆ ಸೇರಿಸಲಾಗಿದೆಯೇ?
(6) ನಮ್ಮ ಊರಿನ ಮಣ್ಣಿಗೆ ತಕ್ಕ ತಳಪಾಯ ಮತ್ತು ನೀರಿನ ಇಳಿಕೆ ಇದೆಯೇ?

ಈ ಪ್ರಶ್ನೆಗಳನ್ನು ಕೇಳುವುದು ಅಭಿಯಂತರರ ಮೇಲಾಗಲಿ, ಪಂಚಾಯತಿ ಅಭಿವೃದ್ಧಿ ಅಧಿಕಾರಿಯ ಮೇಲಾಗಲಿ ಅಪನಂಬಿಕೆಯ ಸೂಚನೆಯಲ್ಲ. ಒಬ್ಬರು ಹಾಕಿದ ಲೆಕ್ಕವನ್ನು ಇನ್ನೊಬ್ಬರು ನೋಡುವುದು ಲೆಕ್ಕದ ನಿಯಮ. ನನ್ನ ಲೆಕ್ಕವನ್ನು ಅಂದು ಯಾರಾದರೂ ನೋಡಿದ್ದರೆ ಆ ಅಂಗಳ ಒಂದು ಮಳೆಗಾಲ ಕೆಸರಾಗಿ ಉಳಿಯುತ್ತಿರಲಿಲ್ಲ.

11. ಅಭ್ಯಾಸ

ಪ್ರಶ್ನೆ 1: ಅಂಗನವಾಡಿಯ ಅಂಗಳ 7.50 × 4.20 ಮೀ. ಅದರೊಳಗೆ 1.50 × 1.20 ಮೀ. ಕಾಂಕ್ರೀಟ್ ಇಳಿಜಾರು ಇದೆ. ಚದರ ಮೀಟರಿಗೆ 47.83 ಬ್ಲಾಕು, ಒಡಕಿಗೆ ಶೇ. 3. ಎಷ್ಟು ಬ್ಲಾಕು ತರಿಸಬೇಕು? ಬಿಲ್ಲಿನ ವಿಸ್ತೀರ್ಣ ಎಷ್ಟು?

ಪ್ರಶ್ನೆ 2: ಗ್ರಂಥಾಲಯದ ಮುಂಭಾಗ 24 ಅಡಿ 6 ಅಂಗುಲ ಉದ್ದ, 15 ಅಡಿ 9 ಅಂಗುಲ ಅಗಲ. ಜಿಗ್‌ಜಾಗ್ ಬ್ಲಾಕು ಚದರ ಮೀಟರಿಗೆ 39.5, ಒಡಕಿಗೆ ಶೇ. 5. ಎಷ್ಟು ಬ್ಲಾಕು ಬೇಕು?

ಪ್ರಶ್ನೆ 3: ಹಾಸಿ ಮುಗಿದ ಆಯತಾಕಾರದ ಅಂಗಳದಲ್ಲಿ ಸಾಲಿಗೆ 52 ಬ್ಲಾಕು, ಅಡ್ಡಲಾಗಿ 96 ಸಾಲುಗಳಿವೆ. ಬ್ಲಾಕಿನ ಅಳತೆ ಸಂದು ಸೇರಿ 0.203 × 0.103 ಮೀ. ಬಿಲ್ಲಿನಲ್ಲಿ 112 ಚದರ ಮೀಟರ್ ಎಂದಿದೆ. ಬಿಲ್ಲನ್ನು ಅಂಗೀಕರಿಸಬಹುದೇ?

ಉತ್ತರಗಳು

1: 31.50 – 1.80 = 29.70 ಚ.ಮೀ. ಬ್ಲಾಕುಗಳು 1,421, ಶೇ. 3ಕ್ಕೆ 43, ಒಟ್ಟು 1,464. ಬಿಲ್ಲಿನ ವಿಸ್ತೀರ್ಣ 29.70 ಚ.ಮೀ. ಮಾತ್ರ.

2: 24.5 × 15.75 = 385.88 ಚದರ ಅಡಿ, 10.764ರಿಂದ ಭಾಗಿಸಿದರೆ 35.85 ಚ.ಮೀ. ಬ್ಲಾಕುಗಳು 1,417, ಶೇ. 5ಕ್ಕೆ 71, ಒಟ್ಟು 1,488.

3: 52 × 0.203 = 10.56 ಮೀ.; 96 × 0.103 = 9.89 ಮೀ.; ವಿಸ್ತೀರ್ಣ ಸುಮಾರು 104.4 ಚ.ಮೀ. ಬಿಲ್ಲಿನಲ್ಲಿ ಏಳೂವರೆ ಚದರ ಮೀಟರಿಗೂ ಹೆಚ್ಚು ವ್ಯತ್ಯಾಸವಿದೆ. ಅಂಗೀಕರಿಸುವ ಮೊದಲು ಸದಸ್ಯರ ಸಮಕ್ಷಮದಲ್ಲಿ ಮರು ಅಳತೆ ಮಾಡಿಸಬೇಕು.

ತಮ್ಮ ಪಂಚಾಯತಿಯಲ್ಲಿ ಈಗಾಗಲೇ ಹಾಸಿರುವ ಯಾವುದಾದರೂ ಒಂದು ಅಂಗಳವನ್ನು ಆರಿಸಿಕೊಂಡು, ಇಬ್ಬರು ಮೂವರು ಸದಸ್ಯರು ಸೇರಿ ಮೂರನೆಯ ಪ್ರಶ್ನೆಯ ಕ್ರಮದಲ್ಲಿ ಎಣಿಸಿ, ಅಳತೆ ಪುಸ್ತಕದೊಂದಿಗೆ ತಾಳೆ ನೋಡಬೇಕೆಂದು ಕೋರಲಾಗಿದೆ. ಅದೇ ಈ ಪಾಠದ ಕೊನೆಯ ಅಭ್ಯಾಸ.

– ಪಂಚಾಯತಿ ಅಭಿವೃದ್ಧಿ ಅಧಿಕಾರಿ